ನನ್ನ ತಮ್ಮ ಇನ್ನು ಖುದ್ದು ಹಾಜರಾಗುವುದಿಲ್ಲ

ವೈದ್ಯಕೀಯ ಮಂಡಳಿಯ ಅಧ್ಯಕ್ಷರಾದ ಮಾನ್ಯರೇ,

ಭಾವಚಿತ್ರಕ್ಕೂ ಮುಖಕ್ಕೂ ಹೊಂದಿಕೆಯಾಗದ ಕಾರಣ ನನ್ನ ತಮ್ಮ ಸಿದ್ದಬಸಪ್ಪ ಮತ್ತೊಮ್ಮೆ ಖುದ್ದು ಹಾಜರಾಗತಕ್ಕದ್ದೆಂಬ ತಮ್ಮ ಪತ್ರ ಸೋಮವಾರ ತಲುಪಿತು. ಅವನು ಬರುವುದಿಲ್ಲ. ಮೊದಲ ಸಲ ತಮ್ಮೆದುರು ಹಾಜರಾಗಿ ಬಂದ ಹದಿನೇಳನೆಯ ದಿನ ತೀರಿಕೊಂಡ.

ಅವನು ಸರ್ಕಾರಿ ಗುಮಾಸ್ತ. ರಕ್ತದ ಕ್ಯಾನ್ಸರ್ ಆಗಿತ್ತು. ಕಳೆದ ವರ್ಷ, ಎಂಬತ್ತೇಳರ ಕೊನೆಗೆ, ಪರವೂರಿನ ಆಸ್ಪತ್ರೆಯಲ್ಲಿ ನನ್ನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಅವನಿಗೆ ಕೊಟ್ಟರು. ಅದು ಹಿಡಿಯಿತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು, "ಹೊಸ ರಕ್ತ ಹುಟ್ತಾ ಇದೆ ಕಣಮ್ಮ, ರೋಗ ತಡೆಯೋ ಶಕ್ತಿ ಇನ್ನೂ ಹುಟ್ಟಿಲ್ಲ. ಅದಕ್ಕೆ ವರ್ಷ ಬೇಕು. ಅಲ್ಲೀವರೆಗೂ ಹಸುಗೂಸು ಅಂದ್ಕೊಳ್ಳಿ" ಎಂದಿದ್ದರು. ಹೊಸಹಳ್ಳಿಯ ನಮ್ಮ ಮನೆಯಲ್ಲಿ ಬಾಣಂತಿಗೆ ಕಾದಿಡುವಂತೆ ಒಂದು ಕೋಣೆ ಕಾದಿಟ್ಟೆವು. ಕಾಯಿಸಿದ ನೀರು, ಬಿಸಿ ಅನ್ನ. ನೆಂಟರು ಗೇಟಿನಿಂದಲೇ ವಾಪಸ್. ಹೆತ್ತ ತಾಯಿ ಶಿವಗಂಗಮ್ಮನವರು, "ಒಂದ್ ಚೂರು ವಿಭೂತಿ ಹಚ್ಚಿ ಹೋಗ್ತೀನಿ ಬಿಡೇ" ಎಂದು ಅತ್ತರೂ ನಾನು ಒಳಗೆ ಬಿಡಲಿಲ್ಲ. ಅವರು ಕಿಟಕಿಯಲ್ಲೇ ನಿಂತು ಮಗನನ್ನು ನೋಡುತ್ತಿದ್ದರು.

ಹೀಗೆ ನಾವು ನಾಲ್ಕು ತಿಂಗಳು ಕಾಯ್ದವನನ್ನು ತಾವು ಕರೆಸಿದಿರಿ, ರಜೆ ಮುಂದುವರಿಸಲು. ಅವನು ಜನರ ನಡುವೆ ಕೂರಬಾರದೆಂದು ಡಾಕ್ಟರ ಚೀಟಿ ಲಗತ್ತಿಸಿ ಬರೆದೆ. ಅದನ್ನು ತೀರ್ಮಾನಿಸಲೆಂದೇ ಮಂಡಳಿ ಅವನನ್ನು ನೋಡಬೇಕೆಂದು ಉತ್ತರಿಸಿದಿರಿ. ಎಂಥ ನ್ಯಾಯ! ಈಜು ಬಾರದೆಂದು ತೋರಿಸಲು ಬಾವಿಗೆ ಹಾರು ಎಂದ ಹಾಗೆ. ಬಾರದಿದ್ದರೆ ಕೆಲಸ ಹೋದೀತೆಂದು ಹೆದರಿದೆ. ಆಟೋ ಕರೆದವಳು ನಾನೇ. ಡಾಕ್ಟರ ಚೀಟಿಗಿಂತ ತಮ್ಮ ಮೊಹರಿಗೆ ಹೆಚ್ಚು ಬೆಲೆ ಕೊಟ್ಟ ಪಾಪ ನನ್ನದು.

ತಮ್ಮ ಜಗುಲಿಯ ಬೆಂಚಿನ ಮೇಲೆ ಕೆಮ್ಮುವವರ ನಡುವೆ ಮೂರು ಗಂಟೆ ಕೂತೆವು. ಕೊನೆಗೆ ಜವಾನರು ಫೋಟೋ ಹಿಡಿದು, "ತಾಳೆ ಆಗ್ತಿಲ್ಲ ಕಣಮ್ಮ, ಆ ಬಟ್ಟೆ ತೆಗ್ಸಿ" ಎಂದರು. ಕೂದಲುದುರಿದೆ, ಮಾತ್ರೆಗೆ ಮುಖ ಊದಿದೆ ಎಂದೆ. ತಮ್ಮನೇ ನಕ್ಕು, "ಬಿಡಕ್ಕ, ಕನ್ನಡೀಲಿ ನಂಗೇ ಗುರುತು ಸಿಗಲ್ಲ" ಎಂದು ಮೂಗು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಐದನೆಯ ದಿನ ಜ್ವರ ಬಂತು. ಆಮೇಲೆ ಉಸಿರಾಡಲು ಒದ್ದಾಡಿದ.

ಸೋಂಕು ಅಲ್ಲಿಯೇ ತಗುಲಿತೆಂಬುದಕ್ಕೆ ಸಾಕ್ಷಿಯೇನು ಎಂದು ತಾವು ಕೇಳಬಹುದು. ನನ್ನಲ್ಲಿ ಸಾಕ್ಷಿಯಿಲ್ಲ. ಆ ನಾಲ್ಕು ತಿಂಗಳಲ್ಲಿ ಅವನು ಹೊಸಿಲು ದಾಟಿದ್ದು ಅದೊಂದೇ ಸಲ ಎಂಬುದು ಮಾತ್ರ ಗೊತ್ತು. ಕೊಟ್ಟ ಮಜ್ಜೆ ನನ್ನ ಮೈಯಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಂಡಿತಂತೆ.

ನನಗೆ ಪರಿಹಾರ ಬೇಡ. ಅದೇ ಆಸ್ಪತ್ರೆಯಲ್ಲಿ ನಮ್ಮ ಪಕ್ಕದ ಕೋಣೆಯಲ್ಲಿದ್ದ ಕೆಂಗೇರಿಯ ಪ್ರಭಾ ಮೇಡಂ, ಸರ್ಕಾರಿ ಶಾಲೆಯ ಟೀಚರು, ತಂಗಿಯ ಮಜ್ಜೆ ಪಡೆದು ಮುಂದಿನ ತಿಂಗಳು ಊರಿಗೆ ಬರುತ್ತಾರೆ. ಅವರ ರಜೆಯ ಅರ್ಜಿಯೂ ತಮ್ಮ ಮೇಜಿಗೇ ಬರುತ್ತದೆ. ಡಾಕ್ಟರ ಚೀಟಿಯನ್ನು ನಂಬಿ. ನಂಬಿಕೆ ಬಾರದಿದ್ದರೆ ತಾವೇ ಕೆಂಗೇರಿಗೆ ಹೋಗಿ, ಕಿಟಕಿಯಾಚೆ ನಿಂತು ನೋಡಿ. ಅವರನ್ನು ಮಾತ್ರ ಕರೆಸಬೇಡಿ.

ಇಂತಿ,
ತಮ್ಮ ಆಜ್ಞೆಯನ್ನು ಒಮ್ಮೆ ಪಾಲಿಸಿ ಕೆಟ್ಟ ಅಕ್ಕ,
ನೀಲಗಂಗಮ್ಮ
ಹೊಸಹಳ್ಳಿ, ವಿಜಯನಗರ