ಶಾಲು ಹೊದ್ದವರಿಗೆ

ಓವರ್‌ಲೇಕ್, ರೆಡ್ಮಂಡ್
೧೨ ನವೆಂಬರ್ ೨೦೦೬, ಭಾನುವಾರ

ನಿನ್ನೆ ಸನ್ಮಾನ ಮಾಡಿಸಿಕೊಂಡ ಯಜಮಾನರಿಗೆ ಅಡುಗೆಮನೆಯ ಮೇಜಿನಿಂದ ರಜನಿಯ ನಮಸ್ಕಾರ.

ಒಂದೇ ಮನೆಯಲ್ಲಿದ್ದು ಪತ್ರ ಬರೆಯುವುದೇನು ಎಂದು ಹುಬ್ಬೇರಿಸಬೇಡಿ. ಮಾತಾಡೋಣವೆಂದರೆ ನೀವು ಬ್ಯಾಡ್ಮಿಂಟನ್ ಆಡಲು ಹೊರಟುಹೋದಿರಿ. ಮೇಲ್ ಮಾಡೋಣವೆಂದರೆ ಮನೆಗೆಲ್ಲ ಇರುವುದು ಒಂದೇ ಖಾತೆ, ಅದೂ ನಿಮ್ಮ ಹೆಸರಿನದು. ನಾನು ಬರೆದರೆ ರವಿಕಿರಣನೇ ರವಿಕಿರಣನಿಗೆ ಬೈದ ಹಾಗೆ ಕಾಣುತ್ತದೆ. ಅದಕ್ಕೇ ಈ ಕಾಗದ.

ನನಗೆ ಸಿಟ್ಟು ಬಂದಿದೆ. ಸುತ್ತಿಬಳಸಿ ಹೇಳುವ ತಾಳ್ಮೆ ಇಲ್ಲ.

ನಿನ್ನೆ ರಾಜ್ಯೋತ್ಸವದ ವೇದಿಕೆಯಲ್ಲಿ ಇಲ್ಲಿನ ಕನ್ನಡ ಕೂಟದ ಅಧ್ಯಕ್ಷ ಈರಬಸಪ್ಪನವರು ನಿಮಗೆ ಶಾಲು ಹೊದಿಸಿದರು, ಪೇಟ ತೊಡಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಆಬಿಗೇಲ್ ಥಾರ್ನ್ ಎಂಬ ಹಳೆಯ ಕಾಲದ ವಿಜ್ಞಾನಿಯ ಪತ್ರಗಳನ್ನೆಲ್ಲ ಓದಿ, ಬಿಡಿಸಿ, ಪುಸ್ತಕವಾಗುವಂತೆ ಬರೆದುಕೊಟ್ಟ ಕನ್ನಡಿಗ ಎಂದು ಹೊಗಳಿದರು. ಅಷ್ಟಾದರೂ ಸಹಿಸಬಹುದಿತ್ತು. ನೀವು ಮೈಕು ಹಿಡಿದು, ಆ ಕೆಲಸ ಒಂದು ತಪಸ್ಸಾಗಿತ್ತು ಎಂದಿರಿ. ನಾನು ಮೂರನೇ ಸಾಲಿನಲ್ಲಿ ನಿಮ್ಮ ಕೋಟು ಹಿಡಿದುಕೊಂಡು ಕೂತಿದ್ದೆ. ಸಾಲದ್ದಕ್ಕೆ ಇವತ್ತು ಬೆಳಿಗ್ಗೆ ಗದಗಕ್ಕೆ ಫೋನ್ ಮಾಡಿ ಅತ್ತೆಯವರಿಗೂ ಶಾಲಿನ ಸುದ್ದಿ ಮುಟ್ಟಿಸಿದಿರಿ.

ಯಾರ ತಪಸ್ಸು? ಸಿಯಾಟಲ್ಲಿನ ಆ ಸಂಗ್ರಹಾಲಯದವರು ಹಳೆಯ ಪತ್ರ ಓದಿಕೊಡಲು ಜನ ಬೇಕು, ಸಂಬಳವಿಲ್ಲ ಎಂದು ಲೈಬ್ರರಿಯಲ್ಲಿ ಹಚ್ಚಿದ್ದ ಚೀಟಿ ನೋಡಿದವಳು ನಾನು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಇಲ್ಲಿಗೆ ಬಂದು ನಿಮ್ಮ ವೀಸಾದ ಬಾಲವಾಗಿ, ಕೆಲಸಕ್ಕೆ ಸೇರುವ ಹಕ್ಕಿಲ್ಲದೆ ಕೂತವಳಿಗೆ ಅದು ಮುಳುಗುವಾಗ ಸಿಕ್ಕ ಹಗ್ಗ. ಅವರು ಪುಟಗಳ ಚಿತ್ರಗಳನ್ನು ನಮ್ಮ ಖಾತೆಗೆ ಕಳಿಸುತ್ತಿದ್ದರು, ನಾನು ಬರೆದು ಕಳಿಸುತ್ತಿದ್ದೆ, ಕೊನೆಗೆ ‘ಆರ್’ ಎಂದಷ್ಟೇ ಹಾಕುತ್ತಿದ್ದೆ. ಅವರು ಖಾತೆಯ ಹೆಸರು ನೋಡಿ ಪುಸ್ತಕದಲ್ಲಿ ನಿಮ್ಮ ಹೆಸರನ್ನು ಅಚ್ಚು ಮಾಡಿದರು.

ಆ ಪತ್ರಗಳು ಹೇಗಿವೆ ಎಂದಾದರೂ ನಿಮಗೆ ಗೊತ್ತೇ? ಅಂಚೆಯ ಖರ್ಚು ಉಳಿಸಲು ಆಕೆ ಪುಟ ತುಂಬ ಬರೆದು, ಹಾಳೆ ತಿರುಗಿಸಿ, ಅದರ ಮೇಲೆಯೇ ಅಡ್ಡಲಾಗಿ ಇನ್ನೊಂದು ಪುಟ ಬರೆಯುತ್ತಿದ್ದಳು. ನೋಡಿದರೆ ಬರೀ ಜಾಳಿಗೆ. ನಮ್ಮವ್ವ ಕಸೂತಿ ಕಲಿಸುವಾಗ ಅಡ್ಡ ಎಳೆ, ಉದ್ದ ಎಳೆ ಬೇರೆ ಮಾಡಿ ನೋಡುವುದನ್ನು ಕಣ್ಣಿಗೆ ರೂಢಿ ಮಾಡಿಸಿದ್ದಳು. ರಟ್ಟಿನಲ್ಲಿ ಸೀಳು ಕತ್ತರಿಸಿ, ಪುಟದ ಮೇಲಿಟ್ಟು, ಒಂದೊಂದೇ ಸಾಲು ಸರಿಸುತ್ತ ಓದಿದೆ. ಆ ರಟ್ಟನ್ನು ನೀವು ಒಮ್ಮೆ ಕಾಫಿ ಲೋಟದ ಕೆಳಗೆ ಇಟ್ಟುಕೊಂಡಿದ್ದಿರಿ.

ಇನ್ನು ಆಕೆಯ ಕಥೆ ಕೇಳಿ. ಇಲ್ಲಿಯದೇ ಕಡಲಂಚಿನಲ್ಲಿ ಮೊಣಕಾಲುದ್ದ ತಣ್ಣೀರಲ್ಲಿ ನಿಂತು ಕಡಲಪಾಚಿ ಆಯ್ದು, ಒಣಗಿಸಿ, ಈ ದೇಶದ ಪೂರ್ವ ತುದಿಯ ಊರೊಂದರ ಪ್ರೊಫೆಸರ್ ಹೇಲ್‌ಗೆ ಕಳಿಸುತ್ತಿದ್ದಳು. ‘ಎ. ಥಾರ್ನ್’ ಎಂದು ಸಹಿ ಹಾಕುತ್ತಿದ್ದಷ್ಟು ದಿನ ಆತ ‘ಮಾನ್ಯರೇ’ ಎಂದು ಬರೆದು ಅಭಿಪ್ರಾಯ ಕೇಳಿದ, ವಾದ ಮಾಡಿದ, ತನ್ನ ತಪ್ಪನ್ನೂ ಒಪ್ಪಿಕೊಂಡ. ಹೆಂಗಸೆಂದು ತಿಳಿದ ಮರುಪತ್ರದಲ್ಲೇ ಆರೋಗ್ಯ ವಿಚಾರಿಸಿ, ಅಂದವಾದ ಮಾದರಿಗಳನ್ನು ಆಲ್ಬಮ್ಮಿಗೆ ಅಂಟಿಸುವುದು ಮಹಿಳೆಯರಿಗೆ ಒಳ್ಳೆಯ ಹವ್ಯಾಸ ಎಂದು ಉಪದೇಶ ಮಾಡಿದ. ಓದುತ್ತ ನನಗೆ ಮೈ ಉರಿಯಿತು. ಅವಳು ಕಂಡುಹಿಡಿದ ಹೊಸ ಪಾಚಿಯ ಜಾತಿಗೆ ತನ್ನ ಹೆಸರಿಟ್ಟುಕೊಂಡ. ಕೃತಜ್ಞತೆ ಹೇಳಿದ್ದು ಯಾರಿಗೆ? ಅವಳ ಗಂಡನಿಗೆ. ಪೆಟ್ಟಿಗೆಗಳು ಗಂಡನ ಮರದ ಮಿಲ್ಲಿನ ಹೆಸರಿನಲ್ಲಿ ಹೋಗುತ್ತಿದ್ದವಲ್ಲ!

ಆ ಗಂಡ ಏನು ಮಾಡಿದ ಗೊತ್ತೇ? ಪುಸ್ತಕದ ಕೊನೆಯ ಪತ್ರ ಅವನದು. ನಿಮ್ಮ ಹೆಸರು ಹೊತ್ತ ಪುಸ್ತಕ, ಒಮ್ಮೆ ತಿರುವಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಎರಡೇ ಸಾಲು: ‘ಅಯ್ಯಾ, ಪೆಟ್ಟಿಗೆಗೆ ಮೊಳೆ ಹೊಡೆದದ್ದಷ್ಟೇ ನಾನು. ಒಳಗಿದ್ದದ್ದೆಲ್ಲ ನನ್ನ ಹೆಂಡತಿಯ ವಿದ್ಯೆ, ದಯವಿಟ್ಟು ತಿದ್ದಿಕೊಳ್ಳಿ.’ ಪ್ರೊಫೆಸರ್ ತಿದ್ದಿಕೊಂಡನೋ ಇಲ್ಲವೋ ತಿಳಿಯದು. ಗಂಡನಂತೂ ಬರೆದ.

ನಾನು ನಿಮ್ಮಿಂದ ಕೇಳಿದ್ದೂ ಅಂಥ ಎರಡು ಸಾಲನ್ನೇ. ಪುಸ್ತಕ ಕೈಸೇರಿದ ದಿನವೇ ನಾನೇ ಸಂಗ್ರಹಾಲಯಕ್ಕೆ ಬರೆದೆ. ರವಿಕಿರಣ ಅವರು ದೃಢಪಡಿಸಿದರೆ ಮುಂದಿನ ಮುದ್ರಣದಲ್ಲಿ ಹೆಸರು ಬದಲಿಸುತ್ತೇವೆ ಎಂದು ಉತ್ತರ ಬಂತು. ನೋಡಿ, ನಾನು ನಾನೇ ಎನ್ನುವುದಕ್ಕೂ ನಿಮ್ಮ ಸಾಕ್ಷಿ ಬೇಕು. ನೀವು ಸೋಫಾದಿಂದ ತಲೆ ಎತ್ತದೆ ಅಂದಿರಿ: “ಯಾರ ಹೆಸರಿದ್ರ ಏನಾತು? ಮನಿ ಒಂದ ಅಲ್ಲೇನು?”

ಮನೆ ಒಂದೇ, ನಿಜ. ಆದರೆ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ನನ್ನ ಬಳಿ ಇರುವುದು ಇದೊಂದೇ ಕೆಲಸ. ಏನು ಮಾಡಿದ್ದೀರಿ ಎಂದು ಅವರು ಕೇಳಿದರೆ ಗಂಡನ ಹೆಸರಿನ ಪುಸ್ತಕ ತೋರಿಸಲೇ? ನೀವು ಕೆಟ್ಟವರಲ್ಲ. ಜ್ವರ ಬಂದರೆ ಗಂಜಿ ಕಾಯಿಸಿಕೊಡುತ್ತೀರಿ. ಆದರೆ ಗಂಜಿ ಕೊಟ್ಟವರೆಂದು ಹೆಸರನ್ನು ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ. ಇದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ಶಾಲನ್ನು ಗದಗಕ್ಕೆ ಕಳಿಸಬೇಕೆಂದಿರಲ್ಲ, ಮಡಿಚಿಟ್ಟಿದ್ದೇನೆ. ಈ ಪತ್ರ ಅದರ ಮಡಿಕೆಯಲ್ಲೇ ಇದೆ. ಮಧ್ಯಾಹ್ನದ ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ನಾನು ಕರ್ಕ್‌ಲ್ಯಾಂಡಿನಲ್ಲಿ ಗೆಳತಿ ಲಿಲ್ಲಿಯ ಮನೆಯಲ್ಲಿರುತ್ತೇನೆ, ಸಂಜೆ ಬರುತ್ತೇನೆ.

ಇಂತಿ,
ಆ ಪತ್ರಗಳನ್ನು ಓದಿದ
ರಜನಿ

ಮರೆತಿದ್ದೆ: ಮುಂದಿನ ಶನಿವಾರ ಸಂಗ್ರಹಾಲಯದಲ್ಲಿ ಪ್ರದರ್ಶನದ ಉದ್ಘಾಟನೆ. ಹೊಸದಾಗಿ ಸಿಕ್ಕ, ಇನ್ನೂ ಯಾರೂ ಓದದ ಆಬಿಗೇಲಳ ಅಡ್ಡಬರಹದ ಪತ್ರವೊಂದನ್ನು ಸಭೆಯ ಮುಂದೆ ನಿಂತು ಓದಿಕೊಡಬೇಕೆಂದು ರವಿಕಿರಣ ಅವರಿಗೆ ಆಹ್ವಾನ ಬಂದಿತ್ತು. ಖಾತೆ ನಿಮ್ಮ ಹೆಸರಿನದೇ ಅಲ್ಲವೇ, ಖಂಡಿತ ಬರುತ್ತೇನೆಂದು ಉತ್ತರ ಕಳಿಸಿದ್ದೇನೆ. ಅವರಿಗೆ ಆ ಎರಡು ಸಾಲು ಬರೆಯಲು ಶುಕ್ರವಾರದವರೆಗೆ ಸಮಯವಿದೆ. ಬರೆಯದಿದ್ದರೆ ಆ ಸೀಳಿನ ರಟ್ಟನ್ನು ನಿಮ್ಮ ಜೇಬಿನಲ್ಲಿ ಇಟ್ಟು ಕಳಿಸುತ್ತೇನೆ. ಕೋಟು ಹಿಡಿದುಕೊಳ್ಳಲು ನಾನು ಮೂರನೇ ಸಾಲಿನಲ್ಲಿ ಇದ್ದೇ ಇರುತ್ತೇನೆ.