ಬಳಪ ಕೆಳಗಿಟ್ಟ ಮೇಲೆ

ಸೂಳಗಿರಿ
೧೨-೬-೧೯೪೫

ಪ್ರೀತಿಯ ಯಜಮಾನರಿಗೆ ಪಾರ್ವತಿಯ ನಮಸ್ಕಾರಗಳು.

ಕ್ಷೇಮವೇ? ಕಾಲಿನ ಗಾಯ ಒಣಗಿತೇ? ಯಾವ ಊರಿನಲ್ಲಿದ್ದೀರೆಂದು ಬರೆಯಲು ಮಿಲಿಟರಿ ಪಟಾಲಮ್ಮಿನವರು ಬಿಡುವುದಿಲ್ಲ. ಹೊಟ್ಟೆತುಂಬ ಉಣ್ಣುತ್ತಿದ್ದೀರೆಂದಾದರೂ ಬರೆಯಿರಿ. ಇಲ್ಲಿ ನಾನೂ ಅತ್ತೆಯವರೂ ಚೆನ್ನಾಗಿದ್ದೇವೆ.

ನನ್ನ ಎಂಟನೇ ಕ್ಲಾಸಿನ ಸರ್ಕಾರಿ ಪರೀಕ್ಷೆ ಪಾಸಾಯಿತು. ಲೆಕ್ಕದಲ್ಲೂ ಪಾಸು. ಹೋದ ವರ್ಷ ಅದರಲ್ಲೇ ಫೇಲಾದಾಗ ‘ಲೆಕ್ಕ ನಿನಗೆ ಹತ್ತುವುದಿಲ್ಲ, ಬಿಟ್ಟುಬಿಡು’ ಎಂದು ಸಮಾಧಾನ ಬರೆದಿದ್ದಿರಿ. ನಾನೂ ಬಿಟ್ಟೇಬಿಡುತ್ತಿದ್ದೆ. ಪಾಠ ಹೇಳಲು ಬರುವ ಶ್ಯಾಮಣ್ಣ ಮೇಷ್ಟ್ರು ಒಳ್ಳೆಯವರೇ, ಆದರೆ ‘ಬೇಗ, ಬೇಗ’ ಎನ್ನುತ್ತಿದ್ದರು. ಅಷ್ಟಕ್ಕೇ ನನಗೆ ಬಾಯಿಗೆ ಬರುವ ಮಗ್ಗಿಯೂ ಮರೆತುಹೋಗುತ್ತಿತ್ತು. ಒಂದು ದಿನ ಸ್ಲೇಟಿನ ಮುಂದೆ ಅಳುತ್ತ ಕೂತಿದ್ದೆ. ಅತ್ತೆ ರಾಗಿ ಕೇರುವುದನ್ನು ಬಿಟ್ಟು ಬಂದು, ‘ಬಳಪ ಕೆಳಗಿಡು ಪಾರ್ವತಿ. ಉಸುರು ತಕ್ಕೊ. ಅದೇನು ಕೇಳ್ತೈತೋ ನಂಗೂ ಹೇಳು’ ಎಂದರು. ತೊಟ್ಟಿಗೆ ಎರಡು ಕೊಳಾಯಿ. ಒಂದನ್ನೇ ಬಿಟ್ಟರೆ ಮೂರು ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದನ್ನೇ ಬಿಟ್ಟರೆ ಆರು ಗಂಟೆ. ಎರಡೂ ಬಿಟ್ಟರೆ ಎಷ್ಟು? ನಾನು ಒಂಬತ್ತು ಎಂದು ಬರೆದಿದ್ದೆ. ಅವರಿಗೆ ತಿಳಿಯಲೆಂದು ನಿಧಾನವಾಗಿ ಹೇಳುತ್ತಿರುವಾಗ, ಎರಡೂ ಸುರಿದರೆ ಬೇಗ ತುಂಬಬೇಕಲ್ಲ ಎಂದು ನನಗೇ ಹೊಳೆಯಿತು. ಒಂದು ಗಂಟೆಗೆ ಮೂರರಲ್ಲೊಂದು ಪಾಲು, ಆರರಲ್ಲೊಂದು ಪಾಲು, ಸೇರಿದರೆ ಅರ್ಧ ತೊಟ್ಟಿ. ಎರಡೇ ಗಂಟೆ. ‘ನಂಗಿನ್ನೂ ತಿಳೀಲಿಲ್ಲ, ಇನ್ನೊಂದ್ ಕಿತ ಹೇಳು’ ಎಂದರು. ಹೇಳಿದೆ. ಅಂದಿನಿಂದ ದಿನವೂ ಅವರಿಗೇ ಪಾಠ. ತಪ್ಪಿದರೆ ಇಬ್ಬರೂ ನಗುತ್ತಿದ್ದೆವು.

ಕೃಷ್ಣಗಿರಿಯ ಪರೀಕ್ಷೆಯಲ್ಲಿ ಮೊದಲ ಲೆಕ್ಕ ನೋಡುತ್ತಲೇ ಎಲ್ಲ ಮರೆತಂತಾಯಿತು. ಹನ್ನೆರಡು ಆಳು ಎಂಟು ದಿನದಲ್ಲಿ ಕೊಯ್ಯುವ ಹೊಲವನ್ನು ಹದಿನಾರು ಆಳು ಎಷ್ಟು ದಿನದಲ್ಲಿ ಕೊಯ್ದಾರು? ಪಕ್ಕದವಳ ಪೆನ್ನು ಸರಸರ ಓಡುತ್ತಿತ್ತು. ನಾನು ಪೆನ್ನನ್ನೇ ಕೆಳಗಿಟ್ಟೆ. ಉಸಿರೆಳೆದುಕೊಂಡು ಮನಸ್ಸಿನಲ್ಲೇ ಅತ್ತೆಗೆ ಹೇಳತೊಡಗಿದೆ: ಆಳು ಹೆಚ್ಚಾದರೆ ದಿನ ಕಡಿಮೆಯಾಗಬೇಕು. ಆರು ದಿನ. ಪೆನ್ನು ಮತ್ತೆ ಎತ್ತಿಕೊಂಡೆ. ಆಮೇಲೆ ಒಂದೊಂದು ಲೆಕ್ಕವೂ ತಾನಾಗಿ ಬಿಚ್ಚಿಕೊಂಡಿತು. ಗಂಟೆ ಹೊಡೆದಾಗ ನನ್ನದೆಲ್ಲ ಮುಗಿದಿತ್ತು.

ಮೊನ್ನೆ ಮೇಷ್ಟ್ರು ಹೊಸೂರಿನಿಂದ ಸುದ್ದಿ ತಂದರು. ಅತ್ತೆ ಜಗುಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ, ‘ನಮ್ಮಿಬ್ರಿಗೂ ಪಾಸಾಯ್ತು’ ಎಂದರು.

ಅವರು ನಿಮಗೆ ಆಶೀರ್ವಾದ ಹೇಳಿದ್ದಾರೆ. ಮೈ ಜೋಪಾನ.

ನಿಮ್ಮ ದಾರಿ ನೋಡುತ್ತಿರುವ
ಪಾರ್ವತಿ

ಮರೆತಿದ್ದೆ, ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಮುಂದಿನ ಕಾಗದ ಇಲ್ಲಿಗೆ ಬರೆಯಬೇಡಿ. ಸೋಮವಾರ ಸೇಲಂಗೆ ಹೊರಡುತ್ತೇನೆ, ಟೀಚರ್ ಟ್ರೈನಿಂಗಿಗೆ. ನಿಮ್ಮ ಒಪ್ಪಿಗೆ ಕೇಳಿ ಬರೆದದ್ದಲ್ಲ. ಅದನ್ನು ನಿಮ್ಮ ತಾಯಿ ಕೊಟ್ಟಾಗಿದೆ. ನನ್ನ ಪೆಟ್ಟಿಗೆ ತುಂಬುತ್ತಿರುವವರೂ ಅವರೇ.