ಗಿಡ ಸ್ವಾಗತ ಕೊಠಡಿಗೆ, ಪ್ಲಾಸ್ಟಿಕ್ಕು ರೋಗಿಗಳಿಗೆ

ಮಾನಸಿಕ ಆರೋಗ್ಯ ಕೇಂದ್ರದ ಆಡಳಿತಾಧಿಕಾರಿಗಳೇ,

ಚೇತರಿಕೆ ವಾರ್ಡಿನ ಕಿಟಕಿಯ ಬಳಿಯಿದ್ದ ಗಿಡದ ಕುಂಡಗಳನ್ನು ವಾಪಸು ಕೊಡಿ. ಕುಶಲಪ್ರಶ್ನೆ ಆಮೇಲೆ.

ತಪಾಸಣಾ ತಂಡ ಬರುತ್ತದೆಂದು ಅವನ್ನು ‘ಒಂದೇ ದಿನದ ಮಟ್ಟಿಗೆ’ ನಿಮ್ಮ ಸ್ವಾಗತ ಕೊಠಡಿಗೆ ಸಾಗಿಸಿದಿರಿ. ತಂಡದವರು ಎಲೆಗಳ ನಡುವೆ ಕೂತು ಚಹಾ ಕುಡಿದು, ‘ರೋಗಿಸ್ನೇಹಿ ವಾತಾವರಣ’ವನ್ನು ಹೊಗಳಿ ಹೋದರು. ರೋಗಿಗಳಿದ್ದ ಕಡೆಗೆ ಮಾತ್ರ ಹೋಗಲಿಲ್ಲ. ಹೊಗಳಿಕೆ ನಿಮಗೆಷ್ಟು ರುಚಿಸಿತೆಂದರೆ ಕುಂಡಗಳು ಅಲ್ಲೇ ಠಿಕಾಣಿ ಹೂಡಿದವು; ವಾರ್ಡಿಗೆ ಪ್ಲಾಸ್ಟಿಕ್ ಗಿಡಗಳು ಬಂದವು. ಮರದ ಎಲೆ ಉದುರಿ ಕಸವಾಗುತ್ತದೆಂದು ವಾರ್ಡಿನ ಹಿಂದಿನ ಅಂಗಳದ ಬಾಗಿಲಿಗೂ ಬೀಗ ಬಿತ್ತು. ನಾನು ಎದುರಿನ ಶಾಲೆಯಲ್ಲಿ ಓದುತ್ತಿದ್ದಾಗ ಈ ಕಟ್ಟಡದ ಹಿಂದೆ ದೊಡ್ಡ ತೋಟವೇ ಇತ್ತು. ಅದರೊಳಗೆ ಮೊದಲು ಜನರೇಟರ್ ಬಂತು, ಆಮೇಲೆ ನಿಮ್ಮ ಹಿಂದಿನವರ ಕಾರುಗಳಿಗೆ ಶೆಡ್ಡು. ಪ್ರತಿ ಸಲವೂ ಕೇಳಿದ್ದು ‘ಸ್ವಲ್ಪ ಜಾಗ’ವನ್ನೇ. ಉಳಿದಿದ್ದ ಅಂಗಳದ ತುಣುಕೂ ನಿಮ್ಮ ಕಣ್ಣಿಗೆ ಚುಚ್ಚಿತೇ?

ಹಸಿರು ದಣಿದ ಮನಸ್ಸಿಗೆ ಬಿಡುವು ಕೊಡುತ್ತದೆ, ಚದುರಿದ ಗಮನವನ್ನು ಕೂಡಿಸುತ್ತದೆ ಎಂದು ನಿಮ್ಮದೇ ಕಾರಿಡಾರಿನ ಗೋಡೆಯ ಮೇಲೆ ಬರೆಸಿದ್ದೀರಿ. ಎಂದಾದರೂ ಓದಿದ್ದೀರಾ? ಆ ವಾರ್ಡಿನಲ್ಲಿರುವ ನನ್ನ ತಂಗಿ ಓದಿದ್ದಾಳೆ. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವಳ ಕೆಲಸ. ಮನಸ್ಸು ಕುಸಿದಾಗ ಸಾಲುಗಳು ಅವಳ ಕಣ್ಣೆದುರೇ ಜಾರತೊಡಗಿದವು. ಸ್ವಂತ ವಿಳಾಸವನ್ನೂ ಪೂರ್ತಿ ಓದಲಾಗುತ್ತಿರಲಿಲ್ಲ. ವೈದ್ಯೆಯ ಸಲಹೆಯಂತೆ ಆ ಕಿಟಕಿಯ ಬಳಿ ಕೂತಳು, ಎಲೆಗಳ ಧೂಳು ಒರೆಸಿದಳು, ಅಂಗಳದಲ್ಲಿ ಅಡ್ಡಾಡಿದಳು. ಒಂದು ಮಧ್ಯಾಹ್ನ ಪುಸ್ತಕವೊಂದರ ಇಡೀ ಪುಟ ಓದಿ, “ಅಣ್ಣಾ, ಇದ್ರಲ್ಲಿ ಎಷ್ಟು ತಪ್ಪು ಬಿಟ್ಟಿದಾರೆ ನೋಡು!” ಎಂದು ರೇಗಿದಳು. ಆ ರೇಗಾಟ ಕೇಳಿ ನನಗಾದ ಖುಷಿಯನ್ನು ನಿಮಗೆ ಹೇಗೆ ತಿಳಿಸಲಿ?

ಈಗ ಅವಳು ಕಿಟಕಿಯ ಕಡೆ ತಿರುಗುವುದಿಲ್ಲ. ಪ್ಲಾಸ್ಟಿಕ್ ಎಲೆಯನ್ನು ಮುಟ್ಟಿ ನೋಡಿ, “ನಮ್ಮನ್ನೇನು ಪೆದ್ದರು ಅಂದ್ಕೊಂಡಿದಾರಾ?” ಎಂದವಳು ಪುಸ್ತಕ ಮುಚ್ಚಿದಳು. ಪಕ್ಕದ ಮಂಚದ ಹಿರಿಯಮ್ಮ, ನಿವೃತ್ತ ಬಸ್ ಕಂಡಕ್ಟರ್, ನಗಿಸಲು ನೋಡಿದರು: “ಬೇಜಾರಾಗ್ಬೇಡಮ್ಮ, ಇದು ಭಾರೀ ನಿಯತ್ತಿನ ನೌಕರ. ನೀರೂ ಕೇಳಲ್ಲ, ರಜೆನೂ ಕೇಳಲ್ಲ!” ವಾರ್ಡೆಲ್ಲ ನಕ್ಕಿತು. ಅವಳು ನಗಲಿಲ್ಲ. ಅಂದಿನಿಂದ ಒಂದು ಸಾಲೂ ಓದಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಿಮ್ಮ ಆಪ್ತ ಸಹಾಯಕರ ಬಳಿ ಕೇಳಿದೆ. ಅವರೆಂದರು: “ಗಿಡ ಇಲ್ಲೇ ಇರ್ಲಿ ಬಿಡಿ ಸಾರ್. ಇಲ್ಲಿ ನಾಲ್ಕು ಜನ ನೋಡ್ತಾರೆ. ಅಲ್ಲಿ ಯಾರಿದಾರೆ?”

ಅಲ್ಲಿ ಯಾರಿದ್ದಾರೆಂದು ತೋರಿಸಲು ನಾವು ಸಿದ್ಧ. ಈ ವಾರದೊಳಗೆ ಕುಂಡಗಳು ವಾರ್ಡಿಗೆ ಮರಳಬೇಕು, ಅಂಗಳದ ಬೀಗ ತೆಗೆಯಬೇಕು. ಇಲ್ಲವಾದರೆ ಸೋಮವಾರ ಬೆಳಿಗ್ಗೆ, ವೈದ್ಯೆಯ ಅನುಮತಿ ಪಡೆದು, ತಂಗಿಯನ್ನೂ ಕಂಡಕ್ಟರಮ್ಮನನ್ನೂ ಬರಲೊಪ್ಪಿದ ಎಲ್ಲರನ್ನೂ ನಿಮ್ಮ ಸ್ವಾಗತ ಕೊಠಡಿಗೇ ಕರೆತರುತ್ತೇನೆ. ಗಿಡಗಳ ಪಕ್ಕದ ಸೋಫಾಗಳಲ್ಲಿ ಕೂರುತ್ತೇವೆ. ಗಲಾಟೆ ಮಾಡುವುದಿಲ್ಲ. ಅವಳು ಮತ್ತೆ ಒಂದು ಪುಟ ಓದಿ ಮುಗಿಸುವವರೆಗೆ ಏಳುವುದೂ ಇಲ್ಲ.

ಇಂತಿ,
ಸೋಮವಾರ ನಿಮ್ಮ ಅತಿಥಿಯಾಗಲು ಕಿಂಚಿತ್ತೂ ಇಷ್ಟವಿಲ್ಲದ
ಒಬ್ಬ ರೋಗಿಯ ಅಣ್ಣ